ವೈಕಿಂಗ್ ಮೆಟಲ್: ಪದ ಮುಚ್ಚಿದರೂ ಗುರುತು ಸಿಗುತ್ತದೆಯೇ?

ಪ್ರಶ್ನೆ: ‘ವೈಕಿಂಗ್ ಮೆಟಲ್ ಅಂತ ಬೇರೆ ಪ್ರಕಾರವೇ ಇಲ್ಲ, ಬ್ಲ್ಯಾಕ್ ಮೆಟಲ್‌ಗೆ ಹಡಗಿನ ಚಿತ್ರ ಅಂಟಿಸಿದ್ದಾರೆ ಅಷ್ಟೇ’ ಎಂದು ಗೆಳೆಯ ವಾದಿಸುತ್ತಾನೆ. ಅವನ ಮಾತು ಸರಿಯೇ? (ಮೈಸೂರು)

ಉತ್ತರ: ಮುಕ್ಕಾಲು ಪಾಲು ಸರಿ. ಸ್ವಾರಸ್ಯ ಇರುವುದು ಉಳಿದ ಕಾಲು ಪಾಲಿನಲ್ಲಿ. (ಹೊಸಬರಿಗೆ: ಮೆಟಲ್ ಎಂದರೆ ಹೆವಿ ಮೆಟಲ್, ಗಿಟಾರಿನ ಅಬ್ಬರದ ರಾಕ್ ಸಂಗೀತ; ಬ್ಲ್ಯಾಕ್ ಮೆಟಲ್ ಅದರ ಕಿರುಚುದನಿಯ, ಒರಟು ಒಳಪ್ರಕಾರ; ವೈಕಿಂಗರು ಸ್ಕ್ಯಾಂಡಿನೇವಿಯಾದ ಹಳೆಯ ಕಡಲ ದಾಳಿಕೋರರು.)

ಹಾಡಿನ ಬಗೆಗಳಿಗೆ ನಮ್ಮಲ್ಲಿ ಎರಡು ರೀತಿಯಲ್ಲಿ ಹೆಸರು ಬೀಳುತ್ತದೆ. ದೇವರನಾಮ ಎಂಬ ಹೆಸರು ಬಂದದ್ದು ಹಾಡಿನ ವಸ್ತುವಿನಿಂದ. ಕಲ್ಯಾಣಿಯಲ್ಲಿ ಹಾಡಿ, ಭೈರವಿಯಲ್ಲಿ ಹಾಡಿ, ಪಿಟೀಲಿನ ಜೊತೆ ಹಾಡಿ, ಬರೀ ಹಾರ್ಮೋನಿಯಂ ಇಟ್ಟುಕೊಂಡು ಹಾಡಿ, ಅದು ದೇವರನಾಮವೇ. ಗೀಗೀ ಪದದ ಲೆಕ್ಕ ಬೇರೆ. ಸೊಲ್ಲು ಮುಗಿಯುತ್ತಲೇ ಹಿಮ್ಮೇಳದವರು ಎತ್ತುವ ‘ಗೀಯ ಗೀಯ’, ಡಪ್ಪಿನ ಪೆಟ್ಟು, ತುಂತುಣಿಯ ಒಂದೇ ತಂತಿಯ ಮಿಡಿತ, ಇಷ್ಟು ಕಿವಿಗೆ ಬಿದ್ದರೆ ಸಾಕು; ಕನ್ನಡ ಬಾರದವರಿಗೂ ಇದೊಂದು ಬೇರೆ ಬಗೆ ಎಂದು ತಿಳಿಯುತ್ತದೆ. ಹೆವಿ ಮೆಟಲ್‌ನ ಒಳಪ್ರಕಾರಗಳು ಹೆಚ್ಚಿನವು ಈ ಎರಡನೆಯ ಜಾತಿಯವು. ಡೂಮ್ ಎಂದರೆ ನಿಧಾನ ಮತ್ತು ಭಾರ. ಥ್ರ್ಯಾಶ್ ಎಂದರೆ ವೇಗ, ಅಂಗೈಯಿಂದ ತಂತಿ ಅದುಮಿ ಹಿಡಿದು ಬಾರಿಸುವ ಕಟಕಟ ರಿಫ್ (ಮರಳಿ ಮರಳಿ ಬರುವ ಗಿಟಾರಿನ ತುಣುಕು). ಒಂದು ಪದ ಅರ್ಥವಾಗದಿದ್ದರೂ ಇವೆರಡನ್ನು ಬೇರ್ಪಡಿಸಬಹುದು. ಹಾಗಾಗಿ ವೈಕಿಂಗ್ ಮೆಟಲ್‌ಗೂ ಅದೇ ಪರೀಕ್ಷೆ ಒಡ್ಡೋಣ: ಪದಗಳನ್ನು ಮುಚ್ಚಿ, ಆಲ್ಬಮ್ಮಿನ ಮುಖಪುಟವನ್ನೂ ಮುಚ್ಚಿ ಕೇಳಿದರೆ ಗುರುತು ಸಿಗುತ್ತದೆಯೇ?

ವಸ್ತು ಮಾತ್ರವೇ ಸಾಕು ಎನ್ನುವುದಾದರೆ ಕತೆ 1970ಕ್ಕೇ ಹೋಗುತ್ತದೆ. ಐಸ್‌ಲ್ಯಾಂಡ್‌ಗೆ ಹೋಗಿ ಬಂದ ಲೆಡ್ ಝೆಪ್ಲಿನ್ ಆ ವರ್ಷವೇ ವೈಕಿಂಗರ ಹಾಡು ಕಟ್ಟಿತು. 1983ರಲ್ಲಿ ಅಮೆರಿಕದ ಮನೋವಾರ್ ವೈಕಿಂಗರ ವೀರಸ್ವರ್ಗವಾದ ವಲ್ಹಾಲಾದ ಬಾಗಿಲು ತಟ್ಟಿತು. ಇವರನ್ನು ಯಾರೂ ವೈಕಿಂಗ್ ಮೆಟಲ್ ಎನ್ನುವುದಿಲ್ಲ. ಅಂದರೆ ಕೇಳುಗರ ಕಿವಿ ವಸ್ತುವಿನ ಆಚೆಗೆ ಬೇರೇನನ್ನೋ ಹುಡುಕುತ್ತಿದೆ.

ಆ ‘ಬೇರೇನೋ’ ಹುಟ್ಟಿದ್ದು ಸ್ಟಾಕ್‌ಹೋಮ್‌ನ ಬಾಥೊರಿ ತಂಡದಲ್ಲಿ. ಕ್ವೋರ್ಥನ್ ಎಂಬ ಹೆಸರಿಟ್ಟುಕೊಂಡಿದ್ದ ಹುಡುಗ (1966–2004) 1983ರಲ್ಲಿ ಕಟ್ಟಿದ ತಂಡ ಇದು. 1984ರ ಮೊದಲ ಆಲ್ಬಮ್ಮು ಒರಟು, ವೇಗ, ಸೈತಾನ. ಮುಂದೆ ಬ್ಲ್ಯಾಕ್ ಮೆಟಲ್ ಎನಿಸಿಕೊಂಡದ್ದರ ಬೀಜ ಅಲ್ಲಿದೆ. 1988ರ ‘ಬ್ಲಡ್ ಫೈರ್ ಡೆತ್’ನಲ್ಲಿ ದಾರಿ ತಿರುಗುತ್ತದೆ. ಮುಖಪುಟದಲ್ಲಿ ನಾರ್ವೆಯ ಕಲಾವಿದ ಆರ್ಬೋ 1872ರಲ್ಲಿ ಬಿಡಿಸಿದ, ಆಕಾಶದಲ್ಲಿ ದಂಡೆತ್ತಿ ಹೋಗುವ ದೇವತೆಗಳ ಚಿತ್ರ. ಒಳಗೆ ಕುದುರೆಗಳ ಸದ್ದಿನಿಂದ ತೊಡಗುವ ಪೀಠಿಕೆ. ಆದರೆ ನಡುವಿನ ಹಾಡುಗಳು ಇನ್ನೂ ಹಳೆಯ ಧಾಟಿಯವೇ. ಪೀಠಿಕೆಯ ಬೆನ್ನಿಗೇ ಬರುವ ದೊಡ್ಡ ಹಾಡು ಮತ್ತು ಕಟ್ಟಕಡೆಯದು, ಈ ಎರಡರಲ್ಲೇ ಹೊಸ ಮೈಕಟ್ಟು ಇರುವುದು.

1990ರ ‘ಹ್ಯಾಮರ್‌ಹಾರ್ಟ್’ನಲ್ಲಿ ಅದು ಪೂರ್ತಿ ಮೈದುಂಬಿತು. ಮೊದಲ ಹಾಡನ್ನು ಹಾಕಿ ಕೇಳಿ, 11 ನಿಮಿಷದ್ದು. ಅಲೆಯ ಸದ್ದು, ಅಕೌಸ್ಟಿಕ್ ಗಿಟಾರು, ಆಮೇಲೆ ದಪ್ಪನೆಯ ರಿಫ್ಫು. ನಡೆ ನಿಧಾನ, ಒಂದೇ ರಿಫ್ ನಿಮಿಷಗಟ್ಟಲೆ ಮರಳಿ ಬರುತ್ತದೆ. ಕಿರುಚಾಟ ಹೋಗಿ ತೆರೆದ ಗಂಟಲಿನ ಹಾಡುಗಾರಿಕೆ ಬಂದಿದೆ. ಕ್ವೋರ್ಥನ್ ಪಳಗಿದ ಗಾಯಕನಲ್ಲ, ಶ್ರುತಿ ಅಲ್ಲಲ್ಲಿ ಜಾರುತ್ತದೆ, ಜಾರಿದ್ದೇ ಒಂದು ಬಗೆಯ ಮೆರುಗಾಯಿತು. ಹಿಂದೆ ಪದವಿಲ್ಲದ ‘ಓ’, ‘ಆ’ಕಾರದ ಮೇಳದನಿ ಪದರ ಪದರವಾಗಿ ನಿಂತಿದೆ. ಡ್ರಮ್ಮಿನ ಮೇಲೆ ಗುಹೆಯೊಳಗಿನಂಥ ಮಾರ್ದನಿ. ಪದ ಮುಚ್ಚಿದರೂ ಇದನ್ನು ಥ್ರ್ಯಾಶ್ ಎನ್ನಲಾರಿರಿ, ಬ್ಲ್ಯಾಕ್ ಎನ್ನಲಾರಿರಿ, ಡೂಮ್ ಎಂದರೂ ಪೂರ್ತಿ ಹೊಂದದು. ಪರೀಕ್ಷೆಯಲ್ಲಿ ಪಾಸು.

ಹಾಗಾಗಿ ನಮ್ಮ ತೀರ್ಪು ಹೀಗೆ: ಬಾಥೊರಿ 1988ರಿಂದ 1991ರವರೆಗೆ ಕಟ್ಟಿದ ಈ ಧಾಟಿ, ಅದನ್ನು ಹಿಡಿದು ನಡೆದ ಫಾಲ್ಕೆನ್‌ಬಾಖ್, ಐನ್‌ಹೆರ್ಯೆರ್, ಎರೆಬ್ ಆಲ್ಟೋರ್‌ನಂಥ ಕೆಲವು ತಂಡಗಳು, ಇಷ್ಟಕ್ಕೆ ಮಾತ್ರ ವೈಕಿಂಗ್ ಮೆಟಲ್ ಒಂದು ಸಂಗೀತ ಪ್ರಕಾರದ ಹೆಸರು. ಇದರಾಚೆ ಅದು ದೇವರನಾಮದ ಹಾಗೆ, ವಸ್ತುವಿಗೆ ಬಿದ್ದ ಹೆಸರು. ನಾರ್ವೆಯ ಎನ್‌ಸ್ಲೇವ್ಡ್ ತಂಡವನ್ನೇ ನೋಡಿ. 1991ರಲ್ಲಿ ಹುಟ್ಟಿದ್ದು, 1994ರಲ್ಲಿ ಎರಡು ಆಲ್ಬಮ್ಮು ತಂದು, ನಾವು ಸೈತಾನನ ಕಡೆಯವರಲ್ಲ, ನಮ್ಮದು ಪೂರ್ವಿಕರ ದೇವತೆಗಳ ಕಡೆ ಎಂದು ತಮ್ಮನ್ನು ಬೇರೆಯಾಗಿ ಗುರುತಿಸಿಕೊಂಡರು. ಆದರೆ ಪದ ಮುಚ್ಚಿ ಕೇಳಿದರೆ ಆ ಎರಡರಲ್ಲೂ ಮುಂದೆ ನಿಲ್ಲುವುದು ಆ ಕಾಲದ ನಾರ್ವೆಯ ಬ್ಲ್ಯಾಕ್ ಮೆಟಲ್ಲೇ: ಒಂದೇ ತಂತಿಯನ್ನು ಬಿಡುವಿಲ್ಲದೆ ಮೀಟುವ ರಿಫ್, ಎಡೆಬಿಡದ ಡ್ರಮ್ಮು. ನಿಮ್ಮ ಗೆಳೆಯ ಇಂಥ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದ್ದರೆ ಗೆದ್ದಂತೆ.

ಇನ್ನೊಂದು ತಮಾಷೆ. ಬಾಥೊರಿಯ 1991ರ ಆಲ್ಬಮ್ಮಿನ ಕೊನೆಯ ಹಾಡು ಕೇಳಿದವರೆಲ್ಲ ‘ಆಹಾ, ಅಪ್ಪಟ ಉತ್ತರದ ನಾಡಿನ ರಾಗ’ ಎಂದು ತಲೆದೂಗುತ್ತಾರೆ. ಆ ಧಾಟಿ ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಗುರುಗ್ರಹದ ಮೇಲೆ ಬರೆದ ವಾದ್ಯವೃಂದದ ಕೃತಿಯದು!

ಪ್ರಶ್ನೆ: ಹಾಗಾದರೆ ಅಮೋನ್ ಅಮಾರ್ಥ್? ವೇದಿಕೆ ಮೇಲೆ ಹಡಗನ್ನೇ ತಂದು ನಿಲ್ಲಿಸುತ್ತಾರಲ್ಲ! (ಹುಬ್ಬಳ್ಳಿ)

ಉತ್ತರ: ಹಡಗು ವೈಕಿಂಗರದು, ಸಂಗೀತ ಮೆಲಾಡಿಕ್ ಡೆತ್ ಮೆಟಲ್, ಅಂದರೆ ಗುರುಗುಟ್ಟುವ ದನಿಯ ಡೆತ್ ಮೆಟಲ್‌ಗೆ ಇಂಪಾದ ಗಿಟಾರು ಮಟ್ಟು ಕೂಡಿಸಿದ್ದು. ತಂಡದವರೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಸ್ವೀಡನ್ನಿನ ಟುಂಬಾದಲ್ಲಿ 1992ರಲ್ಲಿ ಆರಂಭ. ತಂಡದ ಹೆಸರು ಕೂಡ ವೈಕಿಂಗರದಲ್ಲ; ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಕಟ್ಟಿದ ಕಲ್ಪಿತ ಭಾಷೆಯಲ್ಲಿ ಒಂದು ಬೆಂಕಿಬೆಟ್ಟದ ಹೆಸರು.

ಪ್ರಶ್ನೆ: ಫೋಕ್ ಮೆಟಲ್, ಪೇಗನ್ ಮೆಟಲ್, ವೈಕಿಂಗ್ ಮೆಟಲ್ ಇವುಗಳ ಗಡಿ ಎಲ್ಲಿ? ಅಕಾರ್ಡಿಯನ್, ಪಿಟೀಲು ಬಂದರೆ ವೈಕಿಂಗ್ ಆಗುತ್ತದೆಯೇ? (ಮಂಗಳೂರು)

ಉತ್ತರ: ಆಗುವುದಿಲ್ಲ. ಅಕಾರ್ಡಿಯನ್‌ಗೆ ವಿಯೆನ್ನಾದಲ್ಲಿ ಪೇಟೆಂಟ್ ಸಿಕ್ಕಿದ್ದು 1829ರಲ್ಲಿ. ವೈಕಿಂಗ್ ಯುಗ ಎನ್ನುವುದು ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿಯಾದ 793ರಿಂದ ಸುಮಾರು 1066ರವರೆಗೆ. ನಾರ್ವೆಯ ಹಾರ್ಡಾಂಗರ್ ಪಿಟೀಲಿನ ಅತಿ ಹಳೆಯ ಮಾದರಿಗೆ 1651ರ ಇಸವಿ ಹೇಳುತ್ತಾರೆ. ಅಂದರೆ ‘ಪ್ರಾಚೀನ’ ಎಂದು ಕಿವಿಗೆ ಹಿತವಾಗುವ ಈ ಸದ್ದು ಬಹುಪಾಲು ರೈತರ ಮದುವೆ, ಹಬ್ಬ, ಕುಣಿತದ್ದು, ದಾಳಿಕೋರರದ್ದಲ್ಲ.

ವೈಕಿಂಗರ ಕಾಲದ್ದೆಂದು ನೆಲದಿಂದ ಎದ್ದು ಬಂದಿರುವುದು ಎಲುಬಿನ ಕೊಳಲು, ಯಾರ್ಕ್‌ನಲ್ಲಿ ಸಿಕ್ಕ, ಒಂದೇ ಮರದ ತುಂಡಿನಲ್ಲಿ ತೂತು ಕೊರೆದ ಪುಟ್ಟ ಊದುವಾದ್ಯ, ಇಂಥವು. ಯಾವ ರಾಗ ಊದುತ್ತಿದ್ದರು? ಬರೆದಿಟ್ಟವರಿಲ್ಲ. ಸ್ಕ್ಯಾಂಡಿನೇವಿಯಾದಲ್ಲಿ ಸ್ವರ ಸಮೇತ ಉಳಿದಿರುವ ಅತಿ ಹಳೆಯ ಲೌಕಿಕ ಹಾಡಿನ ಸಾಲು ಸುಮಾರು 1300ರದು, ವೈಕಿಂಗರು ಮುಗಿದು ಎರಡು ಶತಮಾನ ಕಳೆದ ಮೇಲಿನದು. ಹತ್ತನೇ ಶತಮಾನದಲ್ಲಿ ವೈಕಿಂಗರ ಹೆಡೆಬಿ ಪೇಟೆಗೆ ಬಂದಿದ್ದ ಅಲ್‌-ತರ್ತೂಶಿ ಎಂಬ ಯಾತ್ರಿಕ ಮಾತ್ರ, ಇಲ್ಲಿನವರ ಹಾಡಿನಷ್ಟು ಕೆಟ್ಟದ್ದನ್ನು ಎಲ್ಲೂ ಕೇಳಿಲ್ಲ, ನಾಯಿ ಗುರುಗುಟ್ಟಿದಂತಿದೆ ಎಂಬರ್ಥದ ಮಾತು ಬರೆದಿಟ್ಟಿದ್ದಾನೆ. ಇದನ್ನು ಓದಿದ ಡೆತ್ ಮೆಟಲ್ ಗಾಯಕರು ಕಾಲರ್ ಎತ್ತಿಕೊಂಡರೆ ತಪ್ಪೇನಿಲ್ಲ.

ಗಡಿಯ ಮಾತಿಗೆ ಬಂದರೆ, ಫೋಕ್ ಮೆಟಲ್ಲನ್ನು ಗುರುತಿಸುವುದು ವಾದ್ಯ ಮತ್ತು ಕುಣಿತದ ಧಾಟಿಯಿಂದ. ಅದನ್ನು ತೊಡಗಿಸಿದ್ದು ಇಂಗ್ಲೆಂಡಿನ ಸ್ಕೈಕ್ಲಾಡ್, 1991ರ ಮೊದಲ ಆಲ್ಬಮ್ಮಿನಲ್ಲಿ. ಅಲ್ಲಿ ವೈಕಿಂಗರ ಸುಳಿವೇ ಇಲ್ಲ. ಪೇಗನ್ ಮೆಟಲ್ ಎಂಬುದು ಕ್ರೈಸ್ತಪೂರ್ವ ನಂಬಿಕೆಗಳ ಬಗ್ಗೆ ಹಾಡುವ ಯಾರ ತಲೆಗಾದರೂ ಹೊಂದುವ ದೊಡ್ಡ ಟೋಪಿ. ಫಿನ್‌ಲ್ಯಾಂಡಿನ ತಂಡಗಳಿಗೆ ವೈಕಿಂಗ್ ಹಣೆಪಟ್ಟಿ ಹಚ್ಚುವುದಂತೂ ಇನ್ನೂ ಗೊಂದಲ. ಫಿನ್ನಿಶ್ ಭಾಷೆಗೂ ವೈಕಿಂಗರ ನಾರ್ಸ್ ಭಾಷೆಗೂ ಕುಲಸಂಬಂಧವೇ ಇಲ್ಲ. ಫಿನ್‌ಟ್ರೋಲ್ ಬಾರಿಸುವುದು ಹುಂಪ್ಪಾ ಎಂಬ ಇಪ್ಪತ್ತನೇ ಶತಮಾನದ ಕುಣಿತದ ಲಯ. ಮೂನ್‌ಸಾರೋ ಮಾತ್ರ ಬಾಥೊರಿಯ ಉದ್ದನೆಯ ಉಸಿರನ್ನು ನಿಜಕ್ಕೂ ಎತ್ತಿಕೊಂಡಿದೆ. ಅವರ 2007ರ ಆಲ್ಬಮ್ಮಿನಲ್ಲಿ ಇರುವುದೇ ಎರಡು ಹಾಡು, ಒಟ್ಟು 56 ನಿಮಿಷ.

ನೆಲದ ಹಾಡಿಗೂ ಮೆಟಲ್‌ಗೂ ಅಸಲಿ ನಂಟು ಕಾಣಬೇಕೆಂದರೆ ಫೆರೋ ದ್ವೀಪಗಳ ಟೀರ್ ತಂಡವನ್ನು ಕೇಳಿ. ಆ ದ್ವೀಪದವರು ಕೈಕೈ ಹಿಡಿದು ಸರಪಳಿಯಾಗಿ, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಇಡುತ್ತ ಉದ್ದುದ್ದ ಕಥನಗೀತೆಗಳನ್ನು ಹಾಡುತ್ತಾರೆ. ವಾದ್ಯವಿಲ್ಲ, ನೆಲಕ್ಕೆ ಬೀಳುವ ಕಾಲಿನದೇ ತಾಳ. ಟೀರ್ ಆ ಧಾಟಿಗಳನ್ನೇ ಗಿಟಾರಿಗೆ ಕೂಡಿಸಿತು. ಅವರ 2002ರ ಆಲ್ಬಮ್ಮಿನಲ್ಲಿರುವ ‘ಓರ್ಮುರಿನ್ ಲಾಂಗಿ’ ನಾರ್ವೆಯ ಓಲಾವ್ ರಾಜನ ಹಡಗಿನ ಕತೆ. ಆದರೆ ಗಮನಿಸಿ, ಆ ಪದ ಕಟ್ಟಿದ್ದು 1830ರ ಸುಮಾರಿಗೆ ಒಬ್ಬ ಫೆರೋ ರೈತಕವಿ.

ಪ್ರಶ್ನೆ: ನಮ್ಮದು ನಾಲ್ವರ ತಂಡ. ಬಾಥೊರಿ ಧಾಟಿಯ ರಿಫ್ ಕಟ್ಟುವುದು ಹೇಗೆ? ನಾವು ನುಡಿಸಿದರೆ ಸಾಧಾರಣ ರಾಕ್ ಥರ ಕೇಳುತ್ತದೆ. ಮೇಳದನಿ ರೆಕಾರ್ಡ್ ಮಾಡಿದರೆ ರಾಡಿಯಾಗುತ್ತದೆ. (ದಾವಣಗೆರೆ)

ಉತ್ತರ: ಮೊದಲು ಶ್ರುತಿ. ಗಿಟಾರನ್ನು ಡ್ರಾಪ್ ಡಿಗೆ ತನ್ನಿ: ಅತಿ ದಪ್ಪನೆಯ 6ನೇ ತಂತಿಯನ್ನು ಮಾತ್ರ ಒಂದು ಸ್ವರ ಇಳಿಸಿ (82.4 ಹರ್ಟ್ಸ್‌ನಿಂದ 73.4ಕ್ಕೆ). ಈಗ 6ನೇ ತಂತಿ ಷಡ್ಜ, 5ನೆಯದು ಪಂಚಮ, 4ನೆಯದು ಮೇಲಿನ ಷಡ್ಜ. ಅಂದರೆ ಕೈಯಲ್ಲೇ ಒಂದು ತಂಬೂರಿ ಬಂದಂತಾಯಿತು. 6 ಮತ್ತು 5ನ್ನು ತೆರೆದೇ ಬಾರಿಸುತ್ತ ಮಟ್ಟನ್ನು 4ನೇ ತಂತಿಯಲ್ಲಿ ನುಡಿಸಿ. ಫ್ರೆಟ್‌ಗಳು 0, 2, 3, 5, 7, 8, 10, 12. ಕರ್ನಾಟಕ ಸಂಗೀತ ಕಲಿತವರಿಗೆ ತಕ್ಷಣ ಹೊಳೆಯುತ್ತದೆ, ಇವು ನಟಭೈರವಿಯ ಸ್ವರಸ್ಥಾನಗಳು. 8ರ ಬದಲು 9 ಒತ್ತಿದರೆ ಧೈವತವೊಂದು ಏರಿ ಖರಹರಪ್ರಿಯದ ಸ್ವರಗಳಾಗುತ್ತವೆ. ಹಾಡಿಗೆ ಸ್ವಲ್ಪ ಬೆಳಕು ಬೇಕೆನಿಸಿದ ಕಡೆ ಅದನ್ನು ಬಳಸಿ. ರಿಷಭವನ್ನು 1ನೇ ಫ್ರೆಟ್‌ಗೆ ಇಳಿಸಬೇಡಿ. ತೋಡಿಯ ಛಾಯೆ ಬಂದು ಕಿವಿ ಡೆತ್ ಮೆಟಲ್ ಕಡೆ ಓಡುತ್ತದೆ.

‘ಸಾಧಾರಣ ರಾಕ್ ಥರ’ ಕೇಳಲು ಕಾರಣ ಬಹುಶಃ ನಿಮ್ಮ ಡ್ರಮ್ಮರ್ ನಾಲ್ಕರ ನಡೆಯಲ್ಲಿ ಕೂತಿದ್ದಾರೆ. ಇದಕ್ಕೆ ದೋಣಿಗೆ ಹುಟ್ಟು ಹಾಕುವ ಲಯ ಬೇಕು, ತಕಿಟ ತಕಿಟ. ದಾದ್ರಾ ತಾಳದ ಆರು ಮಾತ್ರೆಯನ್ನು ಭಾರವಾಗಿಸಿಕೊಳ್ಳಿ: ಒಂದನೇ ಮಾತ್ರೆಗೆ ಕಿಕ್, ನಾಲ್ಕನೆಯದಕ್ಕೆ ಸ್ನೇರ್, ಉಳಿದವು ಬರಿದು. ಮೂರು ಮಾತ್ರೆಯ ಒಂದು ತಕಿಟ ಸರಿಸುಮಾರು ಒಂದು ಸೆಕೆಂಡಿಗೆ ಮುಗಿಯಬೇಕು. ಮೆಟ್ರೊನೋಮ್‌ನಲ್ಲಿ 60ರಿಂದ 70. ಡ್ರಮ್ಮರ್‌ಗಳಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ಎಂಟು ಸುತ್ತಿಗೊಂದು ಉರುಳಿಕೆ ಸಾಕು.

ಡಿಸ್ಟಾರ್ಷನ್ನಿನ ಗೇನ್ 10ರಲ್ಲಿ 5–6ಕ್ಕೆ ನಿಲ್ಲಿಸಿ. ಷಡ್ಜ-ಪಂಚಮದ ಕಂಪನಗಳು 2:3ರ ಲೆಕ್ಕದಲ್ಲಿವೆ. ಡಿಸ್ಟಾರ್ಷನ್ ಇವೆರಡರ ವ್ಯತ್ಯಾಸದ ಸ್ವರವನ್ನೂ ಹುಟ್ಟಿಸುತ್ತದೆ, ಅದು ಒಂದು ಸ್ಥಾಯಿ ಕೆಳಗಿನ ಷಡ್ಜವೇ ಆಗಿ ಸದ್ದು ದಪ್ಪಗಾಗುತ್ತದೆ. ಮೇಲೆ ಗಾಂಧಾರ ಬಂದ ಕೂಡಲೇ ಹುಟ್ಟುವ ಸ್ವರಗಳು ಹೊಂದಿಕೆ ತಪ್ಪಿ ಗರಗರ ಎನ್ನುತ್ತವೆ. ಗೇನ್ ಹೆಚ್ಚಿದಷ್ಟೂ ಗರಗರ ಹೆಚ್ಚು. ಇಬ್ಬರು ಗಿಟಾರ್ ವಾದಕರಿದ್ದರೆ ಒಬ್ಬರು ತೆರೆದ ಸಾ-ಪಾ ಮಾತ್ರ ಹಿಡಿಯಲಿ, ಇನ್ನೊಬ್ಬರು ಮಟ್ಟು ನುಡಿಸಲಿ. ತೊಂದರೆ ಅಲ್ಲಿಗೆ ಮುಗಿಯಿತು.

ತಂತಿಯ ವಿಷಯ. ಡ್ರಾಪ್ ಡಿಗೆ 10–46ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದಂಶದ ಲೆಕ್ಕದಲ್ಲಿ) ಸಾಕು. ಇನ್ನೂ ಕೆಳಗೆ ಬಿ ಶ್ರುತಿಗೆ (61.7 ಹರ್ಟ್ಸ್) ಇಳಿಯುವ ಆಸೆಯಿದ್ದರೆ ಅದೇ ತಂತಿ ಸಡಿಲಿಸಬೇಡಿ. ಜೋರಾಗಿ ಹೊಡೆದಾಗ ಸ್ವರ ಮೇಲಕ್ಕೆ ಜಿಗಿದು ಕೆಳಗಿಳಿಯುತ್ತದೆ, ತಂತಿ ಫ್ರೆಟ್‌ಗೆ ಬಡಿಯುತ್ತದೆ. 13–62ರ ಆಸುಪಾಸಿನ ಸೆಟ್ ಹಾಕಿಸಿ. ನಟ್‌ನಲ್ಲಿ ತಂತಿ ಕೂರುವ ಕಚ್ಚು ಅಗಲಿಸಬೇಕಾಗುತ್ತದೆ, ರಿಪೇರಿಯವರಿಂದಲೇ ಮಾಡಿಸಿ. 12ನೇ ಫ್ರೆಟ್ಟಿನ ಹಾರ್ಮೋನಿಕ್ಕಿಗಿಂತ ಅಲ್ಲೇ ಒತ್ತಿ ನುಡಿಸಿದ ಸ್ವರ ಏರಿದ್ದರೆ ಬ್ರಿಡ್ಜಿನ ಸ್ಯಾಡಲ್ ಹಿಂದಕ್ಕೆ ಸರಿಸಬೇಕು. ತೇಲುವ ಬ್ರಿಡ್ಜ್ ಇರುವ ಗಿಟಾರಿನಲ್ಲಿ ಒಂದು ತಂತಿ ಇಳಿಸಿದರೆ ಉಳಿದ ಐದೂ ಏರುತ್ತವೆ. ಅಂಥದ್ದಾದರೆ ಈ ಕೆಲಸಕ್ಕೆ ಬೇರೆ ಗಿಟಾರು ನೋಡಿಕೊಳ್ಳಿ.

ಇನ್ನು ಮೇಳದನಿ. ಮೂವರು ನಾಲ್ಕು ನಾಲ್ಕು ಸಲ ಹಾಡಿದರೆ 12 ದನಿ. ಮೊದಲ ಸಲ ಮೈಕಿನಿಂದ ಒಂದಡಿ ದೂರ, ಪ್ರತಿ ಸಲವೂ ಹಿಂದೆ ಸರಿದು ಕೊನೆಗೆ ಐದಡಿಗೆ ನಿಲ್ಲಿ; ಆಗ ದನಿಗಳಿಗೆ ಆಳ ಬರುತ್ತದೆ. ಷಡ್ಜ, ಪಂಚಮ, ಮೇಲಿನ ಷಡ್ಜ, ಇಷ್ಟೇ ಹಂಚಿಕೊಳ್ಳಿ. ಮುಖ್ಯವಾಗಿ ಗಮಕ ಬೇಡ. ಸಂಗೀತಪಾಠ ಆಗಿರುವ ಗಂಟಲು ತನಗೇ ಅರಿವಿಲ್ಲದೆ ಸ್ವರವನ್ನು ಒಲೆಯುತ್ತದೆ. ಒಬ್ಬರು ಒಲೆದರೆ ಚೆಂದ, ಹನ್ನೆರಡು ದನಿ ಹನ್ನೆರಡು ಥರ ಒಲೆದರೆ ನೀವು ಹೇಳಿದ ರಾಡಿ. ಸ್ವರ ನೆಟ್ಟಗೆ ನಿಲ್ಲಲಿ. ಮಿಕ್ಸ್ ಮಾಡುವಾಗ ಮೇಳದನಿಯಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ರಿವರ್ಬ್ (ಮಾರ್ದನಿ) ಎರಡೂವರೆಯಿಂದ ಮೂರು ಸೆಕೆಂಡು, ಅದು ಶುರುವಾಗುವ ಮೊದಲು 30–40 ಮಿಲಿಸೆಕೆಂಡಿನ ತಡೆ. ರಿವರ್ಬನ್ನು ಸ್ನೇರ್‌ಗೂ ಮೇಳಕ್ಕೂ ಕೊಡಿ, ಬೇಸ್ ಗಿಟಾರಿಗೂ ಕಿಕ್ಕಿಗೂ ಬೇಡವೇ ಬೇಡ. ಕೀಬೋರ್ಡಿನ ಮೇಳದನಿಯನ್ನೂ ಸೇರಿಸುವುದಾದರೆ ಗಿಟಾರಿಗಿಂತ ಒಂದು ಸ್ಥಾಯಿ ಮೇಲೆ ನುಡಿಸಿ. 200ರಿಂದ 500 ಹರ್ಟ್ಸ್ ನಡುವೆ ಇಬ್ಬರೂ ಕೂತರೆ ಯಾರೊಬ್ಬರೂ ಕೇಳಿಸುವುದಿಲ್ಲ.

ಪ್ರಶ್ನೆ: ಹಳೆಯ ನಾರ್ಸ್ ಕಾವ್ಯದಲ್ಲಿ ಪ್ರಾಸ ಇತ್ತೇ? ಕನ್ನಡದಲ್ಲಿ ಅಂಥ ಹಾಡು ಬರೆಯಬಹುದೇ? (ಧಾರವಾಡ)

ಉತ್ತರ: ಇತ್ತು, ನಮ್ಮದರ ಹಾಗಲ್ಲ. ಹಳಗನ್ನಡ ಕವಿ ಪ್ರತಿ ಪಾದದ ಎರಡನೇ ಅಕ್ಷರವನ್ನು ಹೊಂದಿಸುತ್ತಿದ್ದ. ನಾರ್ಸ್ ಕವಿ ಒಂದು ಸಾಲನ್ನು ಎರಡು ತುಂಡು ಮಾಡಿ, ಒಂದೊಂದು ತುಂಡಿಗೆ ಎರಡು ಒತ್ತು ಇಟ್ಟು, ಒತ್ತು ಬಿದ್ದ ಪದಗಳ ಮೊದಲ ಧ್ವನಿಯನ್ನು ಹೊಂದಿಸಿ ಎರಡೂ ತುಂಡನ್ನು ಹೊಲಿಯುತ್ತಿದ್ದ. ಕನ್ನಡದಲ್ಲಿ ಮಾಡಿದರೆ ಸುಮಾರು ಹೀಗೆ: ‘ಕಡಲ ಕರೆಗೆ | ಕತ್ತಿ ಎದ್ದಿತು’. ಪದದ ಮೊದಲಿಗೇ ಒತ್ತು ಬೀಳುವ ಕಾರಣ ಕಿರುಚುವ ಗಾಯಕರಿಗೂ ಇದು ಅನುಕೂಲ; ವ್ಯಂಜನವೇ ತಾಳ ಹಿಡಿಯುತ್ತದೆ. ಅಂತ್ಯಪ್ರಾಸದ ಚಟ ಮಾತ್ರ ಬಿಡಬೇಕು, ಇಲ್ಲವಾದರೆ ಶಿಶುಗೀತೆಯಾಗುತ್ತದೆ.

ಪ್ರಶ್ನೆ: ಕೋಡಿನ ಶಿರಸ್ತ್ರಾಣ? (ಶಿವಮೊಗ್ಗ)

ಉತ್ತರ: ವೈಕಿಂಗರು ತೊಟ್ಟದ್ದಕ್ಕೆ ಪುರಾವೆಯಿಲ್ಲ. 1943ರಲ್ಲಿ ನಾರ್ವೆಯ ಗ್ಯೆರ್ಮುಂಡ್ಬುನಲ್ಲಿ ಸಿಕ್ಕ ಆ ಕಾಲದ ಕಬ್ಬಿಣದ ಶಿರಸ್ತ್ರಾಣಕ್ಕೆ ಕೋಡಿಲ್ಲ, ಕಣ್ಣಿಗೆ ಕನ್ನಡಕದಂಥ ಕಾಪು ಇದೆ. ಡೆನ್ಮಾರ್ಕಿನ ವೆಕ್ಸೋದಲ್ಲಿ ಸಿಕ್ಕ ಕೋಡಿನವು ಕಂಚಿನ ಯುಗದವು, ವೈಕಿಂಗರಿಗಿಂತ ಸುಮಾರು 1700 ವರ್ಷ ಹಿಂದಿನವು. ಈಗಿನ ಕಲ್ಪನೆ ಬಲವಾಗಿ ಬೇರೂರಿದ್ದು 1876ರಲ್ಲಿ, ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ ಸಂಗೀತನಾಟಕಕ್ಕೆ ಡೋಪ್ಲರ್ ಎಂಬಾತ ಹೊಲಿಸಿದ ವೇಷಗಳಿಂದ.

ಪ್ರಶ್ನೆ: ಸಿಂಗಪುರದ ರುದ್ರ ತಂಡ ತನ್ನದನ್ನು ‘ವೇದಿಕ್ ಮೆಟಲ್’ ಎನ್ನುತ್ತದೆ. ಅದಕ್ಕೂ ಇದೇ ಪರೀಕ್ಷೆಯೇ? (ಬೆಂಗಳೂರು)

ಉತ್ತರ: ಇದೇ. 1992ರಿಂದ ಇರುವ ತಂಡ. ಸಂಸ್ಕೃತ ಶ್ಲೋಕಗಳನ್ನು, ವೇದಾಂತದ ವಿಚಾರಗಳನ್ನು ಹಾಡಿಗೆ ತಂದಿದೆ. ಪದ ಮುಚ್ಚಿದರೆ ಉಳಿಯುವ ಬುನಾದಿ ಡೆತ್ ಮೆಟಲ್. ಶ್ಲೋಕ ಪಠಿಸುವ ಕಡೆಗಳಲ್ಲಿ ಮಾತ್ರ, ಪದ ತಿಳಿಯದವನಿಗೂ ಲಯ ಬೇರೆ ಎನಿಸುತ್ತದೆ. ಅನುಷ್ಟುಪ್ಪಿನ ಎಂಟೆಂಟು ಅಕ್ಷರದ ನಡೆ ರಿಫ್ಫನ್ನೂ ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಅದನ್ನೇ ಹತ್ತು ತಂಡ ಎತ್ತಿಕೊಂಡು ಬೆಳೆಸಿದ್ದರೆ ಇಂದು ಪ್ರಕಾರ ಎನ್ನಬಹುದಿತ್ತು. ಬಾಥೊರಿಯ ಧಾಟಿಗೆ ಆ ಅನುಯಾಯಿಗಳು ಸಿಕ್ಕರು.

ಪ್ರಶ್ನೆ: ಜರ್ಮನಿಯ ವಾಕೆನ್ ಮೆಟಲ್ ಉತ್ಸವಕ್ಕೆ ಹೊರಟಿದ್ದೇನೆ. ರೂನ್ ಲಿಪಿಯ ಟೀ ಶರ್ಟು, ಪದಕ ಹಾಕಿಕೊಳ್ಳಬಹುದೇ? (ಬೆಳಗಾವಿ)

ಉತ್ತರ: ಚಿತ್ರ ನೋಡಿ ಹಾಕಿಕೊಳ್ಳಿ. ರೂನ್ ಎಂದರೆ ಉತ್ತರ ಯುರೋಪಿನ ಹಳೆಯ ಅಕ್ಷರ. ಮಿಂಚಿನಾಕಾರದ ಜೋಡಿ ‘ಸಿಗ್’ ರೂನ್ ನಾಜಿಗಳ ಎಸ್‌ಎಸ್ ಪಡೆಯ ಲಾಂಛನ. ಜರ್ಮನ್ ದಂಡಸಂಹಿತೆಯ 86ಎ ಕಲಮಿನಡಿ ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಹನ್ನೆರಡು ಕಿರಣದ ‘ಕಪ್ಪು ಸೂರ್ಯ’ನನ್ನು ವೈಕಿಂಗರದೆಂದು ಮಾರುತ್ತಾರೆ, ಅದು ಎಸ್‌ಎಸ್ ಕಾಲದಲ್ಲಿ ವೆವೆಲ್ಸ್‌ಬುರ್ಗ್ ಕೋಟೆಯ ನೆಲಹಾಸಿಗೆ ಬಿಡಿಸಿದ್ದು, ಬೇಡ. ವೈಕಿಂಗರ ಗುಡುಗಿನ ದೇವರು ಥೋರ್‌ನ ಸುತ್ತಿಗೆಯ ಪದಕಕ್ಕೆ ಅಡ್ಡಿಯಿಲ್ಲ. ಅಂಥ ಪದಕಗಳು ವೈಕಿಂಗ್ ಯುಗದವು ನೂರಾರು ಸಿಕ್ಕಿವೆ. 2014ರಲ್ಲಿ ಡೆನ್ಮಾರ್ಕಿನ ಲೋಲ್ಯಾಂಡ್ ದ್ವೀಪದಲ್ಲಿ ಸಿಕ್ಕ ಒಂದರ ಮೇಲೆ ‘ಇದು ಸುತ್ತಿಗೆ’ ಎಂದು ರೂನ್ ಲಿಪಿಯಲ್ಲಿ ಕೊರೆದಿದೆ. ಕೊರೆದವನು ಅವಸರದಲ್ಲಿ ಒಂದು ಅಕ್ಷರ ನುಂಗಿದ್ದಾನೆ.